15 ಸೆಕೆಂಡಿನ ತಾಳ್ಮೆ: ಯಂತ್ರಕ್ಕೂ ಬೇಕು ಶ್ರುತಿ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಮುಂಜಾನೆ ಕರೆದ ಹಾಲು ಡೇರಿ ತಲುಪಿ ಪ್ಯಾಕೆಟ್ಟು ಸೇರುವ ಮುನ್ನ ಒಂದು ಕಠಿಣ ಪರೀಕ್ಷೆಯನ್ನು ದಾಟಬೇಕಾಗುತ್ತದೆ. ಹರಿಯುತ್ತಿರುವ ಹಾಲನ್ನು ಕನಿಷ್ಠ 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದೇ ಬಿಸಿಯಲ್ಲಿ 15 ಸೆಕೆಂಡು ಇರಿಸಿ, ಕೂಡಲೇ ತಣಿಸುವ ಈ ಕ್ರಮಕ್ಕೆ ಪಾಶ್ಚರೀಕರಣ ಎಂದು ಹೆಸರು. ಬಿಸಿ ಕಡಿಮೆಯಾದರೆ ರೋಗಾಣುಗಳು ಉಳಿಯಬಹುದು. ಅಗತ್ಯಕ್ಕಿಂತ ಹೆಚ್ಚಾದರೆ ಹಾಲಿಗೆ ಬೆಂದ ವಾಸನೆ ಹತ್ತಿ, ಉಗಿಯೂ ಇಂಧನವೂ ವ್ಯರ್ಥವಾಗುತ್ತವೆ. ಈ ಕಿರಿದಾದ ಹಾದಿಯಲ್ಲಿ ಹಾಲನ್ನು ಹಗಲಿರುಳು ನಡೆಸುವುದು ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆಯೊಳಗಿನ ನಿಯಂತ್ರಕ, ಅಂದರೆ ಕಂಟ್ರೋಲರ್.

ನಿಯಂತ್ರಕದ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು. ಇರಬೇಕಾದ ಬಿಸಿಗೂ ಇರುವ ಬಿಸಿಗೂ ನಡುವಿನ ಅಂತರವನ್ನು ಅದು ಅಳೆಯುತ್ತದೆ. ಆ ಅಂತರಕ್ಕೆ ತಕ್ಕಂತೆ ಉಗಿಯ ವಾಲ್ವನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಎಷ್ಟು ತೆರೆಯಬೇಕೆಂಬುದನ್ನು ಮೂರು ಅಂಕಿಗಳು ತೀರ್ಮಾನಿಸುತ್ತವೆ: ಮೊದಲನೆಯದು ಈ ಕ್ಷಣದ ಅಂತರಕ್ಕೆ, ಎರಡನೆಯದು ಇಲ್ಲಿಯವರೆಗೆ ಕೂಡುತ್ತ ಬಂದ ಅಂತರಕ್ಕೆ, ಮೂರನೆಯದು ಅಂತರ ಬದಲಾಗುತ್ತಿರುವ ವೇಗಕ್ಕೆ ಬೆಲೆ ಕೊಡುತ್ತದೆ. ಪಿಐಡಿ ಎಂದು ಕಾರ್ಖಾನೆಗಳಲ್ಲಿ ಕರೆಯಲಾಗುವ ಈ ತ್ರಿವಳಿಯನ್ನು ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಹಡಗುಗಳ ಚುಕ್ಕಾಣಿ ಹಿಡಿಯುವ ಸಮಸ್ಯೆಯನ್ನು ವಿಶ್ಲೇಷಿಸುವಾಗ ಗಣಿತದ ಭಾಷೆಗೆ ತಂದರು. ಈ ಮೂರು ಅಂಕಿಗಳನ್ನು ಘಟಕದ ಸ್ವಭಾವಕ್ಕೆ ಹೊಂದಿಸುವ ಕೆಲಸಕ್ಕೆ ಇಂಗ್ಲಿಷಿನ ಟ್ಯೂನಿಂಗ್ ಎಂಬ ಪದ ಬಳಕೆಯಲ್ಲಿದ್ದರೂ, ಅದಕ್ಕೆ ಶ್ರುತಿ ಎನ್ನುವುದೇ ಹೆಚ್ಚು ಒಪ್ಪುವ ಮಾತು.

ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಸಂಗೀತಗಾರರ ಊರೆಂದು ಹೆಸರಾದದ್ದು. ತಂಬೂರಿಯ ಆಕಾರದಲ್ಲೇ ಕಟ್ಟಿದ ಮಂದಿರವೊಂದು ಅಲ್ಲಿದೆ. ತಂಬೂರಿಯನ್ನು ಶ್ರುತಿಗೂಡಿಸುವವರು ಬಿರಡೆಯನ್ನು ತಿರುಗಿಸಿ ತಂತಿಯನ್ನು ಸ್ವರದ ಸಮೀಪಕ್ಕೆ ತಂದು, ಬಳಿಕ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ತಂತಿ ಮೀಟಿದೊಡನೆ ನುಡಿಯುವುದರಿಂದ ಆದ ತಪ್ಪು ಆ ಕ್ಷಣವೇ ಕಿವಿಗೆ ತಿಳಿಯುತ್ತದೆ. ಕಾರ್ಖಾನೆಯ ಯಂತ್ರ ಹಾಗಲ್ಲ, ಅದು ತಡವಾಗಿ ನುಡಿಯುತ್ತದೆ. ಶ್ರುತಿಶಾಸ್ತ್ರದ ಕಷ್ಟವೂ ಸೊಗಸೂ ಈ ತಡದಲ್ಲೇ ಅಡಗಿವೆ.

ವಾಲ್ವನ್ನು ತೆರೆದ ಗಳಿಗೆಗೂ ಅದರ ಪರಿಣಾಮ ಅಳತೆಯಲ್ಲಿ ಮೊದಲು ಕಾಣುವ ಗಳಿಗೆಗೂ ನಡುವೆ ಏನೂ ಕಾಣದೆ ಕಳೆಯುವ ಹೊತ್ತನ್ನು ವಿಳಂಬಕಾಲ ಎನ್ನಬಹುದು. ಕಾದ ಹಾಲು 15 ಸೆಕೆಂಡು ಸಾಗುವ ಉದ್ದನೆಯ ಕೊಳವೆಯ ತುದಿಯಲ್ಲಿ ಒಂದು ಸಂವೇದಕ ಇರುತ್ತದೆ. ಅಲ್ಲಿ ಬಿಸಿ ಸಾಲದೆಂದು ಕಂಡರೆ ತಿರುವು ವಾಲ್ವ್ ಹಾಲನ್ನು ಮುಂದೆ ಬಿಡದೆ ಮೊದಲಿನ ತೊಟ್ಟಿಗೆ ಹಿಂದಿರುಗಿಸುತ್ತದೆ. ಉಗಿಯ ವಾಲ್ವನ್ನು ನಡೆಸುವ ನಿಯಂತ್ರಕವೂ ಇದೇ ತುದಿಯ ಸಂವೇದಕವನ್ನು ನೆಚ್ಚಿಕೊಂಡಿತೆನ್ನೋಣ. ಬಿಸಿ ಕಡಿಮೆಯೆಂದು ಅದು ವಾಲ್ವನ್ನು ತೆರೆಯುತ್ತದೆ. ಮರುಕ್ಷಣವೂ ಬಿಸಿ ಕಡಿಮೆಯೇ ಕಾಣುವುದರಿಂದ ಇನ್ನಷ್ಟು ತೆರೆಯುತ್ತದೆ. ಹೀಗೆ 15 ಸೆಕೆಂಡು ತನ್ನದೇ ಕೆಲಸದ ಫಲ ಕಾಣದೆ ತೆರೆಯುತ್ತಲೇ ಹೋಗುತ್ತದೆ. ಅಷ್ಟರಲ್ಲಿ ಹೊರಟಿದ್ದ ಬಿಸಿಯೆಲ್ಲ ಒಂದರ ಹಿಂದೊಂದಾಗಿ ಬಂದು ಮುಟ್ಟಿ ಉಷ್ಣತೆ ಮಿತಿ ಮೀರುತ್ತದೆ, ಆಗ ಅದೇ ಆತುರದಲ್ಲಿ ವಾಲ್ವ್ ಮುಚ್ಚತೊಡಗುತ್ತದೆ, ಮತ್ತೆ ಹಾಲು ತಣ್ಣಗಾಗುತ್ತದೆ. ಹಾಲನ್ನು ಸುರಕ್ಷಿತಗೊಳಿಸುವ 15 ಸೆಕೆಂಡುಗಳೇ ನಿಯಂತ್ರಕದ ಕಣ್ಣಿಗೆ ಕಟ್ಟಿದ ಬಟ್ಟೆಯಾಗುವುದು ಈ ಯಂತ್ರದ ಅತ್ಯಂತ ಬೆರಗಿನ ಸಂಗತಿ.

ಈ ತೂಗಾಟ ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತದೆ. ಸರಳ ವ್ಯವಸ್ಥೆಗಳಲ್ಲಿ, ನಿಲ್ಲದೆ ಸಮನಾಗಿ ಸಾಗುವ ತೂಗಾಟದ ಒಂದು ಸುತ್ತಿಗೆ ವಿಳಂಬಕಾಲದ ಎರಡರಿಂದ ನಾಲ್ಕು ಪಟ್ಟು ಸಮಯ ಹಿಡಿಯುತ್ತದೆ. ಅಂದರೆ ಉಷ್ಣತೆಯ ದಾಖಲೆಯಲ್ಲಿ ಕಾಣುವ ಅಲೆಯ ಅಗಲವನ್ನು ನೋಡಿದರೆ ಪೈಪುಗಳೊಳಗಿನ ತಡವನ್ನು ಅಂದಾಜು ಮಾಡಬಹುದು. ಪರಿಹಾರವೂ ಇಲ್ಲಿಂದಲೇ ಹುಟ್ಟುತ್ತದೆ: ನಿಯಂತ್ರಕಕ್ಕೆ ಬೇಕಾದ ಅಳತೆಯನ್ನು ಕೊಳವೆಯ ಆರಂಭದಲ್ಲೇ ತೆಗೆದುಕೊಂಡು, ತುದಿಯ ಸಂವೇದಕವನ್ನು ತಿರುವು ವಾಲ್ವಿನ ಕಾವಲಿಗೆ ಬಿಡುವುದು ಒಳ್ಳೆಯ ವಿನ್ಯಾಸ. ಯಾವ ಅಂಕಿಯೂ ಕೊಡಲಾಗದ ಸ್ಥಿರತೆಯನ್ನು ಸಂವೇದಕದ ಸರಿಯಾದ ಜಾಗ ಕೊಡುತ್ತದೆ.

ವಿಳಂಬದ ಪಾಠ ಡೇರಿಯ ಗೋಡೆಗಳೊಳಗೆ ಮುಗಿಯುವುದಿಲ್ಲ. ಗೊರೂರಿನ ಹೇಮಾವತಿ ಜಲಾಶಯದ ತೂಬನ್ನು ಇಂದು ಎತ್ತಿದರೆ ಕಾಲುವೆಯ ಕೊನೆಯಂಚಿನ ಹೊಲಕ್ಕೆ ನೀರು ಮುಟ್ಟಲು ದಿನಗಳೇ ಹಿಡಿಯುತ್ತವೆ. ಹಾಸನದಲ್ಲಿ 1982ರಿಂದ ಇರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಹೋದ ಸಂಕೇತ ಹಿಂದಿರುಗಲು ಸುಮಾರು ಕಾಲು ಸೆಕೆಂಡು ಸಾಕು. ಆದರೆ ತೂಬು ಎತ್ತುವವರು ನಾಳಿದ್ದಿನ ಹೊಲವನ್ನು ಇಂದೇ ನೆನೆಯಬೇಕು. ಫಲ ಎಷ್ಟು ತಡವೋ ಕೈ ಅಷ್ಟು ನಿಧಾನ ಎಂಬ ನಿಯಮ ನೀರಿಗೂ ಹಾಲಿಗೂ ಒಂದೇ.

ಹಾಗಿದ್ದರೂ ಬೇಗ ಎಗರುವ ನಿಯಂತ್ರಕವೇ ಚುರುಕಿನದೆಂಬ ತಪ್ಪು ತಿಳಿವಳಿಕೆ ಇನ್ನೂ ಬಲವಾಗಿದೆ. ಅಮೆರಿಕದ ಟೇಲರ್ ಇನ್‌ಸ್ಟ್ರುಮೆಂಟ್ ಕಂಪನಿಯ ಜಾನ್ ಝೀಗ್ಲರ್ ಮತ್ತು ನಥಾನಿಯಲ್ ನಿಕೋಲ್ಸ್ 1942ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸೂತ್ರಗಳ ಗುರಿ, ಪ್ರತಿ ಅಲೆ ಹಿಂದಿನದರ ಕಾಲು ಭಾಗಕ್ಕೆ ಇಳಿಯುವಂತೆ ಮಾಡುವುದಾಗಿತ್ತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಕಚ್ಚಾ ಹಾಲಿನ ಬಿಸಿಯಲ್ಲೋ ಹರಿವಿನಲ್ಲೋ ಸಣ್ಣ ಬದಲಾವಣೆಯಾದರೂ ಅಲೆಯೇಳುವ ಅಂಥ ಹೊಂದಾಣಿಕೆ ಡೇರಿಗೆ ಒರಟು. ಕೈಯನ್ನು ಇನ್ನೂ ಹಗುರಗೊಳಿಸಿ, ಅಲೆಯೇಳದೆ ಗುರಿ ಮುಟ್ಟುವ ಮೃದುವಾದ ಶ್ರುತಿಯೇ ವರ್ಷಗಟ್ಟಲೆ ಬಾಳುವ ಶ್ರುತಿ.

ಎಲ್ಲ ತೂಗಾಟಕ್ಕೂ ಅಂಕಿಗಳೇ ಹೊಣೆಯಲ್ಲ ಎಂಬುದನ್ನೂ ಒತ್ತಿ ಹೇಳಬೇಕು. ವಾಲ್ವಿನ ದಂಡ ಒಂದೆಡೆ ಅಂಟಿ, ಒತ್ತಡ ಹೆಚ್ಚಿದಾಗ ಥಟ್ಟನೆ ಜಿಗಿದರೆ, ಜಗತ್ತಿನ ಅತ್ಯುತ್ತಮ ಅಂಕಿಗಳಿಂದಲೂ ಪ್ರಯೋಜನವಿಲ್ಲ. ನಿಯಂತ್ರಕವನ್ನು ಮ್ಯಾನ್ಯುಯಲ್‌ಗೆ ಹಾಕಿ ವಾಲ್ವನ್ನು ಒಂದೇ ಕಡೆ ನಿಲ್ಲಿಸಿದಾಗ ತೂಗಾಟ ನಿಂತರೆ ದೋಷ ಈ ಸುತ್ತಿನೊಳಗೇ, ಅಂಕಿಗಳಲ್ಲೋ ವಾಲ್ವಿನಲ್ಲೋ ಇದೆ. ನಿಲ್ಲದಿದ್ದರೆ ಅದು ಹೊರಗಿನಿಂದ ಬರುತ್ತಿದೆ. ಇಷ್ಟು ಸುಲಭದ ಪರೀಕ್ಷೆಯಿದ್ದರೂ ಯಂತ್ರ ಇಂಥವರ ಕೈಗುಣಕ್ಕೆ ಮಾತ್ರ ಒಗ್ಗುತ್ತದೆಂದು ನಂಬುವವರೂ, ಹಿಂದೆ ಯಾರೋ ಹಾಕಿಹೋದ ಅಂಕಿಗಳನ್ನು ಮುಟ್ಟಿದರೆ ಕೆಡುಕಾಗುತ್ತದೆಂದು ಹೆದರುವವರೂ ಇದ್ದಾರೆ. ಆಯುಧಪೂಜೆಯ ದಿನ ಪೆಟ್ಟಿಗೆಗೆ ಇಡುವ ಕುಂಕುಮ ದುಡಿಮೆಗೆ ಸಲ್ಲುವ ಗೌರವ. ಆದರೆ ಆ ಗೌರವ ಅಂಟಿಕೊಂಡ ವಾಲ್ವನ್ನು ಬಿಚ್ಚಿ ಶುಚಿ ಮಾಡುವುದಿಲ್ಲ. ಕೈಗುಣವೆಂದು ಕರೆಯಲಾಗುವುದು ಬಹುಪಾಲು, ಆ ಕೆಲಸಗಾರ ಯಂತ್ರದ ತಡವನ್ನು ವರ್ಷಗಳ ಗಮನದಿಂದ ಅರಿತು ಕಾಯಲು ಕಲಿತದ್ದರ ಹೆಸರು.

ಆ ಅರಿವು ಒಬ್ಬರ ನಿವೃತ್ತಿಯೊಂದಿಗೆ ಮನೆಗೆ ಹೋಗಬಾರದು. ಪ್ರತಿ ಘಟಕದಲ್ಲೂ ಒಂದು ಶ್ರುತಿಪುಸ್ತಕವನ್ನು ಇರಿಸಿ, ಅಂಕಿ ಬದಲಾಯಿಸಿದ ದಿನಾಂಕ, ಹಳೆಯ ಅಂಕಿ, ಹೊಸ ಅಂಕಿ, ಬದಲಾವಣೆಯ ಕಾರಣ ಹಾಗೂ ಅಳೆದು ಕಂಡ ವಿಳಂಬಕಾಲ ಇವೈದನ್ನು ಬರೆದಿಡಲಿ. ಒಮ್ಮೆಗೆ ಒಂದೇ ಅಂಕಿಯನ್ನು ಬದಲಾಯಿಸಿ, ಅದರ ಫಲ ಪೂರ್ತಿ ಕಾಣುವವರೆಗೆ ಕಾಯುವುದು ಆ ಪುಸ್ತಕದ ಮೊದಲ ಪುಟದ ನಿಯಮವಾಗಿರಲಿ.