ಬಿದ್ದವರಿಗೂ ಚಪ್ಪಾಳೆ

ಜಪಾನ್ ದೇಶದ ಟೀವಿಯಲ್ಲಿ ಒಂದು ಆಟ ಬರುತ್ತದೆ. ಹೆಸರು ಸಾಸುಕೆ. 1997ರಲ್ಲಿ ಶುರುವಾಯಿತು. ಸಾಮಾನ್ಯವಾಗಿ ಒಂದು ಸಲಕ್ಕೆ 100 ಜನ ಆಡುತ್ತಾರೆ. ಓಡಬೇಕು, ಜಿಗಿಯಬೇಕು, ಜೋತಾಡಬೇಕು. ಬಾಗಿದ ಎತ್ತರದ ಗೋಡೆ ಹತ್ತಬೇಕು. ಕೈ ಜಾರಿತೋ, ಕೆಳಗೆ ನೀರು! ದೊಪ್ಪಂತ ಬಿದ್ದರೆ ಆಟ ಮುಗೀತು. ಒಟ್ಟು ನಾಲ್ಕು ಹಂತ. ಕೊನೆಗೆ ಹೊತ್ತು ಮೀರುವುದರೊಳಗೆ ಹಗ್ಗ ಹತ್ತಿ ಗೋಪುರದ ತುದಿ ಮುಟ್ಟಬೇಕು. 2020ರವರೆಗೆ ಮುಟ್ಟಿದವರು ನಾಲ್ಕೇ ಮಂದಿ.

ನೋಡಲು ಕುಳಿತರೆ ನಾವು ಕಣ್ಣು ಕೀಳುವುದಿಲ್ಲ. ಯಾಕೆ? ಬೀಳೋದು ನೋಡಿ ನಗು ಬರುತ್ತದೆ, ನಿಜ. ಅಷ್ಟೇ ಅಲ್ಲ. ಇಲ್ಲಿ ಒಬ್ಬರನ್ನು ಸೋಲಿಸಿ ಇನ್ನೊಬ್ಬರು ಗೆಲ್ಲುವುದಿಲ್ಲ. ಎದುರಾಳಿ ಅಂದ್ರೆ ಆ ಗೋಡೆ, ಆ ಹಗ್ಗ. ಅದಕ್ಕೇ ಒಬ್ಬರು ಆಡುವಾಗ ಉಳಿದವರು ಕೂಗಿ ಹುರಿದುಂಬಿಸುತ್ತಾರೆ. ಆಡುವವರಲ್ಲಿ ನಮ್ಮ ಹಾಗೆ ದುಡಿದು ತಿನ್ನುವವರೂ ಇದ್ದಾರೆ. 2006ರಲ್ಲಿ ಗೆದ್ದ ಮಾಕೋತೊ ನಾಗಾನೊ ಮೀನು ಹಿಡಿಯುವವರು. ಮನೆ ಹತ್ತಿರವೇ ಅಂಥ ಗೋಡೆ ಕಟ್ಟಿಕೊಂಡು ಅಭ್ಯಾಸ ಮಾಡುವವರುಂಟು. ಈ ಸಲ ಬಿದ್ದವರು ಇನ್ನೊಂದು ಸಲ ಬರುತ್ತಾರೆ. ಆಗ ಅವರು ನಮ್ಮವರೇ ಅನ್ನಿಸುತ್ತದೆ.

ಹೆಂಗಸರಿಗೆಂದೇ ಕುನೊಇಚಿ ಎಂಬ ಆಟ ಮಾಡಿದರು. ಅಯಾಕೊ ಮಿಯಾಕೆ ಎಂಬಾಕೆ ಅದರಲ್ಲಿ ಮೂರು ಸಲ ಗೆದ್ದರು. ಅಲ್ಲಿ ತೋಳಿನ ಬಲವೊಂದೇ ಸಾಲದು, ಆಯ ತಪ್ಪದೆ ನಡೆಯಬೇಕು. ತಲೆ ಮೇಲೆ ಕೊಡ ಹೊತ್ತು ಬದುವಿನ ಮೇಲೆ ನಡೆದವರಿಗೆ ಅದೇನು ಅಂತ ಹೇಳಬೇಕೇ?