ವರ್ಡ್‌ಗೆ ಎಕ್ಸೆಲ್ ಕೊಡುವ ಅಪ್ಪಣೆ

ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ ರೂಪಿಸಿದ 'ನುಡಿ' ತಂತ್ರಾಂಶ ನಮ್ಮಲ್ಲಿ ಬಹಳ ಮಂದಿಗೆ ಪರಿಚಿತ. ಅದರ ಹಳೆಯ, ಅಂದರೆ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡುವಾಗ ಪರದೆಯನ್ನು ಗಮನವಿಟ್ಟು ನೋಡಿ. 'ಕೆ' ಕೀಲಿ ಒತ್ತಿದರೆ 'ಕ' ಮೂಡುತ್ತದೆ. ಮುಂದೆ 'ಐ' ಒತ್ತಿದೊಡನೆ ಆ 'ಕ' ಮಾಯವಾಗಿ, ಅದೇ ಜಾಗದಲ್ಲಿ 'ಕಿ' ಕೂತಿರುತ್ತದೆ.

ಅಳಿಸಿದವರು ಯಾರು? ಬೆರಳಚ್ಚುಗಾರರಂತೂ ಅಲ್ಲ. ವರ್ಡ್ ಕೂಡ ತಾನಾಗಿ ಅಳಿಸಲಿಲ್ಲ. ಈ ಹಳೆಯ ಅಕ್ಷರಗಳು ಅದರ ಪಾಲಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಚಿತ್ರಗಳು. (ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತ ತೆರೆದರೆ ಚಿತ್ರಲಿಪಿ ಕಾಣುವುದು ಇದರಿಂದಲೇ.) ಹಿನ್ನೆಲೆಯಲ್ಲಿ ಕೂತ ನುಡಿಯೇ ವರ್ಡ್‌ಗೆ 'ಹಿಂದಿನದನ್ನು ಅಳಿಸು, ಇದನ್ನು ಬರೆ' ಎಂದು ಕೀಲಿ ಒತ್ತಿದ ಸಂಜ್ಞೆಗಳನ್ನು ಕಳಿಸಿರುತ್ತದೆ. ಒಂದು ಪ್ರೋಗ್ರಾಂ ಇನ್ನೊಂದರಿಂದ ಕೆಲಸ ಮಾಡಿಸುವುದೆಂದರೆ ಇದೇ.

ಆದರೆ ಕೀಲಿ ಒತ್ತಿದಂತೆ ನಟಿಸುವ ಈ ವಿಧಾನಕ್ಕೊಂದು ಮಿತಿಯಿದೆ. ಸಂಜ್ಞೆ ಹೋಗುವುದು ಆ ಕ್ಷಣದಲ್ಲಿ ಮುಂದಿರುವ ಕಿಟಕಿಗೆ. ನಡುವೆ ಬೇರೊಂದು ಕಿಟಕಿ ಧುತ್ತೆಂದು ಎದ್ದರೆ ಅಕ್ಷರಗಳೆಲ್ಲ ಅದರ ಪಾಲು! ಬಾಗಿಲು ತೆರೆದವರ ಕೈಗೇ ಕಾಗದ ಕೊಟ್ಟು ಬಂದ ಹಾಗೆ. ಮನುಷ್ಯರು ಎದುರಿಗೆ ಕೂತು ಬೆರಳಚ್ಚು ಮಾಡುವಾಗ ಇದು ನಡೆದೀತು. ನೂರು ಕಾಗದಗಳನ್ನು ಗಣಕವೇ ತಯಾರಿಸಬೇಕೆಂದರೆ ನಡೆಯದು.

ಹಾಗಾಗಿ ಹೆಸರು ಹಿಡಿದು ಕರೆಯುವ ವ್ಯವಸ್ಥೆ ಬೇಕಾಯಿತು. ವಿಂಡೋಸ್‌ನಲ್ಲಿ 1987ರಲ್ಲಿ ಬಂದ 'ಡಿ.ಡಿ.ಇ.' ಎರಡು ಪ್ರೋಗ್ರಾಂಗಳ ನಡುವೆ ಮಾತುಕತೆಯನ್ನು ಸಾಧ್ಯವಾಗಿಸಿತು. 1993ರಲ್ಲಿ ಬಂದ 'ಓ.ಎಲ್.ಇ. ಆಟೋಮೇಷನ್' ಇನ್ನೂ ಮುಂದೆ ಹೋಯಿತು. ಎಕ್ಸೆಲ್‌ಗೆ 'ವಿ.ಬಿ.ಎ.' ಎಂಬ ಬೇಸಿಕ್ ಭಾಷೆ ಸೇರಿದ್ದೂ ಅದೇ ವರ್ಷ. ಆಪಲ್ ಕೂಡ ಆಗಲೇ ತನ್ನ ಗಣಕಗಳಿಗೆ 'ಆಪಲ್‌ಸ್ಕ್ರಿಪ್ಟ್' ತಂದಿತು.

ಬಸವನಗುಡಿಯ ಯಾವುದೋ ಶಾಲೆಯ 60 ಮಕ್ಕಳ ಅಂಕಗಳು ಎಕ್ಸೆಲ್‌ನಲ್ಲಿವೆ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರ ಮನೆಗೂ ವರ್ಡ್‌ನಲ್ಲಿ ಪತ್ರ ತಯಾರಾಗಬೇಕು. ಗಣಿತದಲ್ಲಿ 35ಕ್ಕಿಂತ ಕಡಿಮೆ ಬಂದವರ ಪೋಷಕರಿಗೆ 'ಶಾಲೆಗೆ ಬಂದು ಕಾಣಿರಿ' ಎಂಬ ಸಾಲೂ ಇರಬೇಕು. ಎಕ್ಸೆಲ್‌ನೊಳಗಿನ ಪುಟ್ಟ ಪ್ರೋಗ್ರಾಂ 'ಕ್ರಿಯೇಟ್ ಆಬ್ಜೆಕ್ಟ್' ಎಂಬ ಆದೇಶದಿಂದ ವರ್ಡ್ ಅನ್ನು ಕರೆಯುತ್ತದೆ. ಹೊಸ ಕಡತ ತೆರೆ, ಹೆಸರು ಬರೆ, ಅಂಕ ಬರೆ, ಮುದ್ರಿಸು ಎನ್ನುತ್ತದೆ. ವರ್ಡ್ ಮರುಮಾತಿಲ್ಲದೆ ಮಾಡುತ್ತದೆ. 'ಮೇಲ್ ಮರ್ಜ್' ಸೌಲಭ್ಯದಲ್ಲೂ ಇದನ್ನು ಸಾಧಿಸಬಹುದು, ನಿಜ. ಆದರೆ ಷರತ್ತುಗಳು ಹೆಚ್ಚಿದಷ್ಟೂ ಪ್ರೋಗ್ರಾಂ ಬರೆಯುವುದೇ ಹಗುರ. ಕಂಪ್ಯೂಟರ್ ತರಗತಿಯೆಂದರೆ ಯಾವ ಗುಂಡಿ ಎಲ್ಲಿದೆ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ ಇಂಥದೊಂದನ್ನು ಮಾಡಿಸಿದರೆ ಮಕ್ಕಳಿಗೆ ಹೆಚ್ಚು ರುಚಿಸೀತು.

ಒಂದು ಎಚ್ಚರ ಬೇಕು. ಹೀಗೆ ಕರೆಸಿಕೊಂಡ ವರ್ಡ್ ಕಣ್ಣಿಗೆ ಕಾಣಿಸುವುದಿಲ್ಲ. 'ವಿಸಿಬಲ್' ಎಂದು ಬರೆದು ಹೇಳಿದರಷ್ಟೇ ಕಿಟಕಿ ತೆರೆಯುತ್ತದೆ. ಕೆಲಸ ಮುಗಿದ ಮೇಲೆ 'ಕ್ವಿಟ್' ಹೇಳಲು ಮರೆತರೆ ಅದು ಗುಟ್ಟಾಗಿ ನೆನಪಿನಲ್ಲೇ ಉಳಿದುಬಿಡಬಹುದು. ಗಣಕ ಇದ್ದಕ್ಕಿದ್ದಂತೆ ತೆವಳತೊಡಗಿದರೆ 'ಟಾಸ್ಕ್ ಮ್ಯಾನೇಜರ್' ತೆರೆದು ನೋಡಿ, ನಾಲ್ಕಾರು ವರ್ಡ್‌ಗಳು ಸಿಕ್ಕಾವು.

ಕಣ್ಣಿಗೆ ಕಾಣದಂತೆ ಕೆಲಸ ಮಾಡಬಲ್ಲ ಈ ಆಳು, ಅಪ್ಪಣೆ ಕೊಟ್ಟವರು ಯಾರೆಂದು ವಿಚಾರಿಸುವುದಿಲ್ಲ. ಅದರ ಫಲ ಜಗತ್ತಿಗೆ ತಿಳಿದದ್ದು 1999ರ ಮಾರ್ಚ್‌ನಲ್ಲಿ. 'ಮೆಲಿಸ್ಸಾ' ಎಂಬ ವೈರಸ್ ಒಂದು ವರ್ಡ್ ಕಡತದೊಳಗಿನ ಮ್ಯಾಕ್ರೋ ಮಾತ್ರ. ಕಡತ ತೆರೆದು ಮ್ಯಾಕ್ರೋ ಓಡಿತೆಂದರೆ ಅದು ಮೇಲೆ ಹೇಳಿದ ರೀತಿಯಲ್ಲೇ ಔಟ್‌ಲುಕ್ ಅನ್ನು ಕರೆದು, ವಿಳಾಸ ಪುಸ್ತಕದ ಮೊದಲ 50 ವಿಳಾಸಗಳಿಗೆ ತನ್ನ ಪ್ರತಿ ಕಳಿಸಿ ಎನ್ನುತ್ತಿತ್ತು. ಪತ್ರ ಪರಿಚಿತರ ಹೆಸರಿನಲ್ಲಿ ಬರುತ್ತಿದ್ದುದರಿಂದ ಜನ ಅನುಮಾನಿಸದೆ ತೆರೆದರು. ಮರುವರ್ಷ ಮೇ ತಿಂಗಳಲ್ಲಿ ಬಂದ 'ಐ ಲವ್ ಯೂ' ಕೂಡ ಔಟ್‌ಲುಕ್‌ಗೇ ಅಪ್ಪಣೆ ಕೊಟ್ಟಿತು. ಅದು 50ಕ್ಕೆ ನಿಲ್ಲಲಿಲ್ಲ, ಸಿಕ್ಕ ವಿಳಾಸಗಳಿಗೆಲ್ಲ ಹೋಯಿತು.

ಅಂತರ್ಜಾಲದಿಂದ ಇಳಿಸಿಕೊಂಡ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯಲು ಆರಂಭಿಸಿದ್ದು 2022ರಲ್ಲಿ. ಆದರೂ ಪೆನ್‌ಡ್ರೈವ್‌ನಲ್ಲಿ ಬಂದ 'ಪ್ರಾಜೆಕ್ಟ್ ರಿಪೋರ್ಟ್' ತೆರೆದಾಗ ಮೇಲ್ಗಡೆ ಹಳದಿ ಪಟ್ಟಿ ಕಾಣಿಸಿಕೊಂಡು 'ಎನೇಬಲ್ ಕಂಟೆಂಟ್' ಎನ್ನಬಹುದು. ಆ ಗುಂಡಿ ಒತ್ತಿದರೆ ಕಡತದೊಳಗಿನ ಪ್ರೋಗ್ರಾಂಗೆ ನಿಮ್ಮ ಗಣಕದ ಇತರ ಪ್ರೋಗ್ರಾಂಗಳಿಗೂ ಅಪ್ಪಣೆ ಕೊಡುವ ಅಧಿಕಾರ ಸಿಗುತ್ತದೆ. ಮ್ಯಾಕ್ರೋ ಬರೆದವರು ಯಾರು, ಅದು ಮಾಡುವುದೇನು ಎಂದು ತಿಳಿಯದಿದ್ದರೆ ಒತ್ತಬೇಡಿ.

ಮನೆಯಲ್ಲಿ ಮಾಡಿ ನೋಡುವವರು ಎಕ್ಸೆಲ್‌ನಲ್ಲಿ ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿದರೆ ವಿ.ಬಿ.ಎ. ಬರೆಯುವ ಕಿಟಕಿ ತೆರೆಯುತ್ತದೆ. ಮೊಬೈಲಿನ ಎಕ್ಸೆಲ್‌ನಲ್ಲಿ ಇದು ನಡೆಯದು. ಹಣ ಕೊಟ್ಟು ಕೊಳ್ಳಲಾಗದವರಿಗೆ ಉಚಿತವಾದ ಲಿಬ್ರೆಆಫೀಸ್ ಇದೆ. ಅದಕ್ಕೆ ಪೈಥಾನ್ ಭಾಷೆಯಲ್ಲೂ ಅಪ್ಪಣೆ ಕೊಡಬಹುದು.