ಅಜ್ಜನ ಕೋವಿಗೆ ಇವತ್ತಿನ ತೋಟಾ ಹಾಕಬಹುದಾ? ಮೊದಲು ಚೇಂಬರ್ ಅಳತೆ ನೋಡಿ

ಮಡಿಕೇರಿ: ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಬರುತ್ತವೆ. ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದ್ದೇ ಇದೆ. ಆದರೆ ಅಜ್ಜನ ಕಾಲದ 12 ಬೋರ್ ಕೋವಿಗೆ ಹೊಸ ತೋಟಾ ತುಂಬುವ ಮೊದಲು ಒಂದು ಅಳತೆ ನೋಡಲೇಬೇಕು.

ಚೇಂಬರ್ ಅಂದರೇನು?
ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗವೇ ಚೇಂಬರ್. ಇದು ನಳಿಗೆಯ ಉಳಿದ ಭಾಗಕ್ಕಿಂತ ಸ್ವಲ್ಪ ಅಗಲ. ರೀಮರ್ ಎಂಬ ಹಲ್ಲಿನ ಉಪಕರಣದಿಂದ ಎಣ್ಣೆ ಹಾಕುತ್ತಾ ಸ್ವಲ್ಪಸ್ವಲ್ಪವೇ ಕೊರೆದು, ಆಗಾಗ ಗೇಜ್ ಇಟ್ಟು ಅಳೆದು ಇದನ್ನು ಮಾಡುತ್ತಾರೆ. ಚೇಂಬರ್ ಮುಗಿದಲ್ಲಿಂದ ನಳಿಗೆ ಇಳಿಜಾರಾಗಿ ಕಿರಿದಾಗುತ್ತದೆ.

ಅಪಾಯ ಎಲ್ಲಿದೆ?
ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಿನವುಗಳ ಚೇಂಬರ್ ಎರಡೂವರೆ ಇಂಚು, ಅಂದರೆ 65 ಮಿ.ಮೀ. ಈಗ ಹೆಚ್ಚಾಗಿ ಸಿಗುವ ತೋಟಾ 70 ಮಿ.ಮೀ. 'ಸಲೀಸಾಗಿ ಒಳಗೆ ಹೋಯ್ತಲ್ಲ, ಮತ್ತೇನು' ಅಂತ ಸುಮ್ಮನಾಗುವಂತಿಲ್ಲ. ಪೆಟ್ಟಿಗೆ ಮೇಲೆ ಬರೆದಿರುವುದು ಹಾರಿಸಿದ ಮೇಲಿನ ಉದ್ದ. ಬಾಯಿ ಮಡಚಿರುವ ಹೊಸ ತೋಟಾ ಗಿಡ್ಡ ಇರುವುದರಿಂದ ಸಣ್ಣ ಚೇಂಬರ್‌ಗೂ ಹಿಡಿಸುತ್ತದೆ. ಗುಂಡು ಹಾರಿದಾಗ ಮಡಿಕೆ ಬಿಚ್ಚಿ ಆ ಕಿರಿದಾದ ಜಾಗಕ್ಕೆ ಚಾಚುತ್ತದೆ. ದಾರಿ ಇಕ್ಕಟ್ಟಾಗಿ ಒಳಗಿನ ಒತ್ತಡ ಏರುತ್ತದೆ. ತುಕ್ಕು ತಿಂದ, ಸವೆದ ನಳಿಗೆಯಾದರೆ ಸೀಳಲೂಬಹುದು. ಆಗ ಹೋಗುವುದು ಹಿಡಿದವನ ಕೈ, ಕಣ್ಣು.

ಏನು ಮಾಡಬೇಕು?
ಕೋವಿ ಖಾಲಿ ಇದೆಯೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಅನೇಕ ಕೋವಿಗಳಲ್ಲಿ ನಳಿಗೆ ಬಿಚ್ಚಿದರೆ ಅಡಿಭಾಗದಲ್ಲಿ ಚೇಂಬರ್ ಉದ್ದ ಕೊರೆದಿರುತ್ತದೆ. ಇಲ್ಲದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಅಳೆಸಿ. ಅನುಮಾನ ಇದ್ದರೆ ಪೂಜೆಗಷ್ಟೇ ಇಡಿ.

ಲೇತ್ ಅಂಗಡಿಯವರೇ, ಗಮನಿಸಿ
'ಸ್ವಲ್ಪ ಕೊರೆದು ಉದ್ದ ಮಾಡಿಕೊಡಿ' ಅಂತ ಯಾರಾದರೂ ಕೋವಿ ತಂದರೆ ಮುಟ್ಟಬೇಡಿ. ಕೊರೆದಷ್ಟೂ ನಳಿಗೆಯ ಗೋಡೆ ತೆಳುವಾಗುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ರಿಪೇರಿ ವ್ಯಾಪಾರಕ್ಕೆ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಅದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. 2019ರ ತಿದ್ದುಪಡಿ ನಂತರ ಇದನ್ನು ಮೀರಿದರೆ ಕನಿಷ್ಠ 7 ವರ್ಷ ಜೈಲು.